ಹಳದಿ ವಿಮಾನ ಹುಡುಕಿಕೊಂಡು ಯಲಹಂಕಕ್ಕೆ

ರೋಣದಲ್ಲಿ ಬೆಳಗಿನ ಗದಗ ಬಸ್ಸು ಹತ್ತಿದಾಗ ನನ್ನ ಹೆಗಲಲ್ಲಿ ಕ್ಯಾಮೆರಾ ಚೀಲವಿತ್ತು, ಅತ್ತೆಯ ಮಡಿಲಲ್ಲಿ ರೊಟ್ಟಿಯ ಗಂಟಿತ್ತು. ಫೆಬ್ರುವರಿಯ ಚಳಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಕಂಡಕ್ಟರ್ ಇಬ್ಬರಿಗೂ ಹೆಂಗಸರ ಶೂನ್ಯ ಟಿಕೆಟ್ ಹರಿದುಕೊಡುತ್ತ, "ಎಲ್ಲಿತನಾ ಹೊಂಟೀರಿ, ಅಜ್ಜಿ?" ಎಂದು ಕೇಳಿದ.

"ಬೆಂಗಳೂರಿಗೆ. ವಿಮಾನ ನೋಡಾಕ."

"ಹತ್ತಾಕೇನ್ರಿ?"

"ಹತ್ತಾಕಲ್ಲಪಾ. ಒಂದು ವಿಮಾನದ ಗುರ್ತ ಹಿಡಿಯೂದೈತಿ," ಎಂದರು ಅತ್ತೆ. ಕಂಡಕ್ಟರ್ ನನ್ನ ಮುಖ ನೋಡಿದ. ನಾನು ನಕ್ಕು ಸುಮ್ಮನಾದೆ. ಬಸ್ಸು ತುಂಬಿತ್ತು, ಕಥೆ ಉದ್ದವಿತ್ತು.

ನಾನು ರೋಣದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ರಜೆ ಸಿಕ್ಕಾಗ ಹಕ್ಕಿಗಳ ಫೋಟೋ ತೆಗೆಯುವುದು ನನ್ನ ಹುಚ್ಚು. ಯಲಹಂಕದ ವಾಯುನೆಲೆಯಲ್ಲಿ ವಿಮಾನಗಳ ಪ್ರದರ್ಶನ ನಡೆಯುತ್ತದೆ, ಸಾಮಾನ್ಯ ಜನರನ್ನೂ ಬಿಡುತ್ತಾರೆ ಎಂದು ತಿಳಿದಾಗಿನಿಂದ, ಹಕ್ಕಿಗಿಂತ ಹತ್ತಾರು ಪಟ್ಟು ವೇಗದ ವಸ್ತು ನನ್ನ ಕ್ಯಾಮೆರಾದಲ್ಲಿ ಸಿಕ್ಕೀತೇ ಎಂಬ ಕುತೂಹಲ ತಲೆಯೊಳಗೆ ಹೊಕ್ಕಿತ್ತು. ಆನ್‌ಲೈನಿನಲ್ಲಿ ಟಿಕೆಟ್ ತೆಗೆಯಲು ಕುಳಿತಾಗ ಅತ್ತೆ ಪಕ್ಕಕ್ಕೆ ಬಂದು, "ಸುಧಾ, ನಂದೂ ಒಂದು ತಗಿ," ಎಂದರು.

ಕಾರಣ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅತ್ತೆಯ ತವರು ಜಕ್ಕಲಿ. ಅವರು ಸಣ್ಣವರಿದ್ದಾಗ ಅಲ್ಲಿ ಹತ್ತಿ ಹೊಲಗಳಿಗೆ ಔಷಧ ಹೊಡೆಯಲು ಒಂದು ಹಳದಿ ವಿಮಾನ ಬಂದಿತ್ತಂತೆ. ಗಿಡಗಳ ತುದಿಗೆ ತಾಗುವಷ್ಟು ಕೆಳಗೆ ಹಾರಿತ್ತಂತೆ. ಅವರ ಕಾಕಾ ಬಿಳಿ ಧೋತರವನ್ನು ಬಡಿಗೆಗೆ ಕಟ್ಟಿಕೊಂಡು ಹೊಲದ ಅಂಚಿನಲ್ಲಿ ನಿಂತು ವಿಮಾನಕ್ಕೆ ದಾರಿ ತೋರಿಸಿದನಂತೆ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಇದನ್ನು ಹೇಳಿದಾಗ ಮಾವ, "ಧೋತರ ನೋಡಿ ವಿಮಾನ ನಡಸ್ತಾರೇನ? ಸುಳ್ಳ," ಎಂದು ಕೈ ಝಾಡಿಸಿದ್ದರು. ಅಂದಿನಿಂದ ಅವರ ಮಾತು ಬದಲಾಗಿರಲಿಲ್ಲ. ಮನೆಗೆ ಯಾರೇ ಬಂದರೂ ಅತ್ತೆ ಕಥೆ ಶುರುಮಾಡಿದ ಕೂಡಲೇ ಮಾವ, "ಬಂತ ನೋಡ್ರಿ ಜಕ್ಕಲಿ ವಿಮಾನ," ಎನ್ನುತ್ತಿದ್ದರು. ಜನ ನಗುತ್ತಿದ್ದರು. ಅತ್ತೆ ಎದ್ದು ಒಳಗೆ ಹೋಗುತ್ತಿದ್ದರು.

ಉದ್ದದ ಲೆನ್ಸ್ ನನ್ನಲ್ಲಿ ಇರಲಿಲ್ಲ. ನರಗುಂದದಲ್ಲಿ ಸ್ಟುಡಿಯೋ ಇಟ್ಟಿರುವ ದಾದಾಪೀರ ತಮ್ಮದನ್ನು ಕೊಟ್ಟರು. "ಈ ತಿಂಗಳ ಮದುವಿ ಇಲ್ರಿ ಟೀಚರ್, ಒಯ್ರಿ. ಆದ್ರ ಧೂಳಾಗ ಮಾತ್ರ ಲೆನ್ಸ್ ಬಿಚ್ಚಬ್ಯಾಡ್ರಿ," ಎಂದರು. ಅದರ ಭಾರಕ್ಕೆ ಕೈ ಪಳಗಲಿ ಎಂದು ಒಂದು ಭಾನುವಾರ ಗಜೇಂದ್ರಗಡದ ಗುಡ್ಡ ಹತ್ತಿ, ಗಾಳಿಯಂತ್ರಗಳ ಹತ್ತಿರ ಸುತ್ತುವ ಹದ್ದುಗಳ ಮೇಲೆ ಅಭ್ಯಾಸ ಮಾಡಿದ್ದೆ. ಹದ್ದುಗಳು ಚೆನ್ನಾಗಿಯೇ ಬಂದಿದ್ದವು. ನನಗೆ ಧೈರ್ಯ ಬಂದಿತ್ತು.

ಗದಗಿನಲ್ಲಿ ಬಸ್ಸು ಬದಲಿಸಿ ಹುಬ್ಬಳ್ಳಿ, ಅಲ್ಲಿಂದ ಬೆಂಗಳೂರು. ಹಾವೇರಿ ದಾಟುವ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿತ್ತು. ದಾವಣಗೆರೆಯ ಹತ್ತಿರ ಬಸ್ಸು ಊಟಕ್ಕೆ ನಿಂತಿತು. ಎಲ್ಲರೂ ಹೋಟೆಲಿನೊಳಗೆ ಹೋದರೆ ಅತ್ತೆ ಹೊರಗಿನ ಕಟ್ಟೆಯ ಮೇಲೆ ಗಂಟು ಬಿಚ್ಚಿದರು. ಖಟಕ ರೊಟ್ಟಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಅಲ್ಲಿಂದ ಮುಂದೆ ಅವರು ಕಿಟಕಿಯ ಹೊರಗೇ ನೋಡುತ್ತ ಕುಳಿತರು. ಸಂಜೆ ಬೆಂಗಳೂರು ಮುಟ್ಟಿ, ಇನ್ನೊಂದು ಬಸ್ಸು ಹಿಡಿದು ಯಲಹಂಕದ ಹಳೇ ಊರಿನ ಒಂದು ಲಾಡ್ಜ್ ಸೇರಿದೆವು. ಮಲಗುವ ಮುಂಚೆ ಅತ್ತೆ ಒಂದೇ ಮಾತು ಕೇಳಿದರು: "ಹಳೇ ವಿಮಾನಾನೂ ಇಟ್ಟಿರ್ತಾರಲ್ಲ?"

"ಗೊತ್ತಿಲ್ರಿ ಅತ್ತಿ. ನೋಡೂಣು," ಎಂದೆ.

ಮರುದಿನ ಬೆಳಿಗ್ಗೆ ವಾಯುನೆಲೆಯ ದಾರಿಯುದ್ದಕ್ಕೂ ಜನವೋ ಜನ. ಬಾಗಿಲಲ್ಲಿ ತಪಾಸಣೆ ಮಾಡುತ್ತಿದ್ದ ಉತ್ತರ ಭಾರತದ ಯೋಧ ನಮ್ಮ ಖಟಕ ರೊಟ್ಟಿಯನ್ನು ಎತ್ತಿ ಹಿಡಿದು, ಬೆರಳಿನಿಂದ ಬಡಿದು, ಅದರ ಟಣ್ ಎಂಬ ಸದ್ದಿಗೆ ಹುಬ್ಬೇರಿಸಿದ. ಅತ್ತೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ತೋರಿಸಿದರು. ಅವನು ನಗುತ್ತ ಒಳಗೆ ಬಿಟ್ಟ.

ಬೇಲಿಯ ಹತ್ತಿರ ಜಾಗ ಹಿಡಿದು ಕ್ಯಾಮೆರಾ ಸಿದ್ಧಮಾಡಿಕೊಂಡೆ. ಮೊದಲ ಯುದ್ಧವಿಮಾನ ಬಂದದ್ದು ನನಗೆ ಕಾಣಲೇ ಇಲ್ಲ. ಸದ್ದು ಬಂದ ಕಡೆ ಲೆನ್ಸ್ ತಿರುಗಿಸಿದೆ. ಅಲ್ಲಿ ಬರೀ ಆಕಾಶವಿತ್ತು. ವಿಮಾನ ಆಗಲೇ ಎಡಕ್ಕೆ ದಾಟಿ ಮೇಲಕ್ಕೆ ಎದ್ದಿತ್ತು. ಬೆಳಕು ಮುಂದೆ, ಸದ್ದು ಹಿಂದೆ ಎಂದು ವರ್ಷವರ್ಷ ಮಕ್ಕಳಿಗೆ ಪಾಠ ಮಾಡುವ ನಾನೇ ಸದ್ದನ್ನು ನಂಬಿ ಮೋಸಹೋಗಿದ್ದೆ. ಆ ಗುಡುಗು ಎದೆಯೊಳಗೆ ಹೊಕ್ಕು ಪಕ್ಕೆಲುಬು ನಡುಗಿಸಿತು. ಅತ್ತೆ ಸೆರಗನ್ನು ಎರಡೂ ಕಿವಿಗೆ ಒತ್ತಿಕೊಂಡು, ಬಾಯಿ ತೆರೆದು ಮೇಲೆ ನೋಡುತ್ತಿದ್ದರು.

ಮೊದಲ ಒಂದು ಗಂಟೆ ನನಗೆ ಸಿಕ್ಕದ್ದು ಬಾಲ, ರೆಕ್ಕೆಯ ತುದಿ, ಹೊಗೆ. ಪಕ್ಕದಲ್ಲಿ ಕೆನ್ನೆಗೆ ಬಿಳಿ ಮುಲಾಮು ಬಳಿದುಕೊಂಡಿದ್ದ ಬೆಂಗಳೂರಿನ ಹೆಂಗಸೊಬ್ಬಳು ನನಗಿಂತ ದೊಡ್ಡ ಲೆನ್ಸ್ ಹಿಡಿದು ನಿಂತಿದ್ದಳು. ನನ್ನ ಪಾಡು ನೋಡಿ, "ವಿಮಾನದ ಹಿಂದೆ ಓಡಬೇಡಿ. ದೂರದಲ್ಲಿ ಚುಕ್ಕೆಯಾಗಿದ್ದಾಗಲೇ ಹಿಡ್ಕೊಳ್ಳಿ. ಕೈ ಅಲ್ಲ, ಸೊಂಟದಿಂದ ತಿರುಗಿ," ಎಂದಳು. ಪಂಖ ಇರುವ ವಿಮಾನಗಳಿಗೆ ಶಟರ್ ನಿಧಾನ ಇಡಬೇಕೆಂದೂ ಹೇಳಿದಳು. ವೇಗವಾಗಿ ತೆಗೆದರೆ ಪಂಖ ನಿಂತುಬಿಟ್ಟಂತೆ ಕಂಡು, ವಿಮಾನ ಆಕಾಶದಲ್ಲಿ ಕೆಟ್ಟು ನಿಂತಂತಿರುತ್ತದೆಯಂತೆ. ಆಕೆ ಹೇಳಿದಂತೆ ಸೊಂಟದಿಂದ ತಿರುಗಿದೆ. ಹತ್ತರಲ್ಲಿ ಒಂದು ಸರಿಯಾಗಿ ಬರತೊಡಗಿತು.

ಮಧ್ಯಾಹ್ನದ ಬಿಡುವಿನಲ್ಲಿ ಸಾಲಾಗಿ ನಿಲ್ಲಿಸಿದ್ದ ವಿಮಾನಗಳ ಕಡೆ ಹೋದೆವು. ಡಾಂಬರಿನ ಕಾವು ಚಪ್ಪಲಿ ದಾಟಿ ಪಾದಕ್ಕೆ ಮುಟ್ಟುತ್ತಿತ್ತು. ಒಂದು ಮಳಿಗೆಯಲ್ಲಿ ಅತ್ತೆ, "ಹೊಲಕ್ಕ ಔಷಧ ಹೊಡಿಯೂ ವಿಮಾನ ಎಲ್ಲಿಟ್ಟೀರಿ?" ಎಂದು ಕೇಳಿದ್ದೇ ತಡ, ಅಲ್ಲಿದ್ದ ತರುಣ ಉತ್ಸಾಹದಿಂದ ಒಂದು ಡ್ರೋನ್ ಮುಂದೆ ಕರೆದುಕೊಂಡು ಹೋದ. ಜೇಡದ ಕಾಲುಗಳಂತೆ ಆರು ಕೈಗಳು, ನಡುವೆ ಔಷಧದ ಡಬ್ಬಿ.

ಅತ್ತೆ ಅದರ ಸುತ್ತ ಒಂದು ಸುತ್ತು ಹಾಕಿದರು. "ಮನಶ್ಯಾ ಎಲ್ಲಿ ಕುಂಡ್ರತಾನು?"

"ಯಾರೂ ಕೂರಲ್ಲ ಅಜ್ಜಿ. ಕೆಳಗೆ ನಿಂತು ನಡೆಸೋದು."

"ನಮ್ಮದರಾಗ ಮನಶ್ಯಾ ಇದ್ದ. ನನಗ ಕೈ ಮಾಡಿದ್ದ," ಎಂದು ಅತ್ತೆ ಹೊರಟರು.

ಮಧ್ಯಾಹ್ನದ ಪ್ರದರ್ಶನದ ಘೋಷಣೆ ಆಯಿತು. ಎರಡು ವಿಮಾನಗಳು ಎದುರುಬದುರಾಗಿ ಬಂದು ಕೂದಲೆಳೆಯಷ್ಟು ಅಂತರದಲ್ಲಿ ದಾಟುವ ಆಟ ಅದರಲ್ಲಿತ್ತು. ನಾನು ಊರಿಂದ ಬಂದದ್ದೇ ಅದಕ್ಕೆ. ಅತ್ತೆ ನನ್ನ ಚಡಪಡಿಕೆ ಗಮನಿಸಿ, "ನೀ ಹೋಗಿ ಫೋಟೋ ತಗಿ. ನಾ ಈ ಸಾಲು ನೋಡಿ ಅಲ್ಲೇ ಬರ್ತೀನಿ," ಎಂದರು. ನಾನು ಬೇಲಿಯ ಕಡೆ ಓಡಿದೆ.

ಎರಡು ಚುಕ್ಕೆಗಳಲ್ಲಿ ಬಲಗಡೆಯದನ್ನು ಹಿಡಿದೆ. ಸೊಂಟ ತಿರುಗಿತು, ಉಸಿರು ಬಿಗಿಹಿಡಿದೆ, ಗುಂಡಿ ಒತ್ತಿಯೇ ಇದ್ದೆ. ಪರದೆಯಲ್ಲಿ ನೋಡಿದರೆ ಒಂದೇ ಒಂದು ಚಿತ್ರದಲ್ಲಿ ಎರಡೂ ಇದ್ದವು, ಒಂದರ ಹೊಟ್ಟೆ, ಇನ್ನೊಂದರ ಬೆನ್ನು, ನಡುವೆ ನೀಲಿಯ ಒಂದು ಸೀಳು. ನಾನು ಚಿಕ್ಕ ಹುಡುಗಿಯಂತೆ ಕೂಗಿಬಿಟ್ಟೆ. ತೋರಿಸೋಣವೆಂದು ತಿರುಗಿದರೆ ಪಕ್ಕದಲ್ಲಿ ಅತ್ತೆ ಇರಲಿಲ್ಲ.

ಪ್ರದರ್ಶನ ಮುಗಿದರೂ ಅವರು ಬರಲಿಲ್ಲ. ಅಷ್ಟು ಜನರ ನಡುವೆ ಫೋನು ಹತ್ತುತ್ತಲೇ ಇರಲಿಲ್ಲ. ಮೊದಲು ಸಿಟ್ಟು ಬಂತು, ಆಮೇಲೆ ಹೆದರಿಕೆ. ಬಿಸಿಲಿಗೆ ಎಲ್ಲಾದರೂ ಬಿದ್ದಿದ್ದರೆ? ಪ್ರಥಮ ಚಿಕಿತ್ಸೆಯ ಡೇರೆಯಲ್ಲಿ ನೋಡಿದೆ, ನೀರಿನ ನಲ್ಲಿಗಳ ಹತ್ತಿರ ನೋಡಿದೆ. ಹಸಿರು ಇಳಕಲ್ ಸೀರೆ ಉಟ್ಟವರು ಯಾರಾದರೂ ಕಂಡರೇ ಎಂದು ಸಿಕ್ಕಸಿಕ್ಕವರನ್ನು ಕೇಳಿದೆ. ಕ್ಯಾಮೆರಾ ಎದೆಗೆ ಬಡಿಯುತ್ತಿತ್ತು. ಆಗಷ್ಟೇ ನನ್ನನ್ನು ಕೂಗಿಸಿದ್ದ ಚಿತ್ರದ ನೆನಪೂ ಇರಲಿಲ್ಲ.

ಕೊನೆಗೆ ಅವರು ಸಿಕ್ಕದ್ದು ಸಾಲಿನ ಕಟ್ಟಕಡೆಯಲ್ಲಿ. ಅಲ್ಲಿ ಯಾರೂ ಹೆಚ್ಚು ನೋಡದ ಒಂದು ಸಣ್ಣ ಹಳದಿ ವಿಮಾನ ನಿಂತಿತ್ತು. ಅದರ ರೆಕ್ಕೆಯ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅತ್ತೆ ಕುಳಿತಿದ್ದರು. ಆ ವಿಮಾನದ ಉಸ್ತುವಾರಿಗಿದ್ದ ನರೆತ ಮೀಸೆಯ ಹಿರಿಯರೊಬ್ಬರು ಎದುರಿಗೆ ನಿಂತು ಅವರ ಕಥೆ ಕೇಳುತ್ತಿದ್ದರು.

"ಅತ್ತಿ, ಜೀವ ಹೋಗಿತ್ತು ನಂದು!" ಎಂದೆ.

"ಯಾಕ? ನಾ ಎಲ್ಲಿ ಹೋಗಿದ್ದೆ? ಇಲ್ಲೇ ಅದೀನಲ್ಲ," ಎಂದು ಅವರು ಆ ಹಿರಿಯರ ಕಡೆ ತಿರುಗಿದರು. "ಈಗ ಇಕಿ ಮುಂದ ಹೇಳ್ರಿ."

ಹಿರಿಯರು ನಕ್ಕರು. "ನಿಮ್ಮತ್ತೆ ಹೇಳೋದು ಆಗದೇ ಇರೋ ಮಾತಲ್ಲಮ್ಮ. ವಿಮಾನದಿಂದ ಔಷಧ ಹೊಡೀತಿದ್ರು. ಯಾವ ಸಾಲು ಮುಗೀತು, ಯಾವುದು ಬಾಕಿ ಅಂತ ಮೇಲಿನವನಿಗೆ ಗೊತ್ತಾಗಬೇಕಲ್ಲ, ಅದಕ್ಕೆ ಕೆಳಗೆ ಬಾವುಟ ಹಿಡಿದು ಜನ ನಿಲ್ಲೋರು. ಆದರೆ ನಿಮ್ಮೂರಿಗೆ ಬಂದದ್ದು ಇಂಥದ್ದೇನಾ ಅಂದ್ರೆ ನಾನು ಹೇಗೆ ಹೇಳಲಿ? ಇದು ಹಾರೋದು ಕಲಿಸೋ ವಿಮಾನ."

"ಬಣ್ಣ ಇದ. ಇಷ್ಟ ಸಣ್ಣದು. ಇದ ಇರಬೇಕು," ಎಂದರು ಅತ್ತೆ. ಆ ಹಿರಿಯರ ಅನುಮತಿ ಕೇಳಿ, ಅಂಗೈಯನ್ನು ವಿಮಾನದ ಪಕ್ಕೆಗೆ ಒತ್ತಿ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡರು. ಪಕ್ಕದಲ್ಲಿ ನಿಲ್ಲಿರಿ, ಫೋಟೋ ತೆಗೆಯುತ್ತೇನೆ ಎಂದರೆ ಒಪ್ಪಲಿಲ್ಲ. "ನಾ ನಿಂತ್ರ ಅರ್ಧ ವಿಮಾನ ಮುಚ್ಚತೈತಿ. ಪೂರಾ ಬರೂಹಂಗ ತಗಿ. ನಿಮ್ಮ ಮಾವಗ ತೋರಸೂದೈತಿ." ಬಿಸಿಲು ಇಳಿಯುತ್ತಿತ್ತು. ಎದುರಿನಿಂದ, ಮಗ್ಗುಲಿನಿಂದ, ನೆಲಕ್ಕೆ ಮಂಡಿಯೂರಿ ಕೆಳಗಿನಿಂದ ತೆಗೆದೆ. ಅಂದು ನಾನು ತೆಗೆದವುಗಳಲ್ಲಿ ಕದಲದೆ ನಿಂತ ವಿಮಾನ ಅದೊಂದೇ.

ಮರುದಿನ ಮತ್ತೆ ಬಸ್ಸು. ವಾರ ಕಳೆದ ಮೇಲೆ ಲೆನ್ಸ್ ಮರಳಿಸಲು ನರಗುಂದಕ್ಕೆ ಹೋದಾಗ ದಾದಾಪೀರ ಎರಡು ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿಕೊಟ್ಟರು. ದಾಟುವ ಎರಡು ವಿಮಾನಗಳದು ನನಗೆ, ಹಳದಿಯದು ಅತ್ತೆಗೆ. ಅತ್ತೆ ಅದನ್ನು ಪಡಸಾಲೆಯಲ್ಲಿ ಮಾವನ ಚಹದ ಕಪ್ಪಿನ ಪಕ್ಕದಲ್ಲಿಟ್ಟು ಕೈಕಟ್ಟಿ ನಿಂತರು. "ನೋಡ್ರಿ. ಬಾವುಟ ಹಿಡೀತಿದ್ರು ಅಂತ ಆ ಸಾಹೇಬ್ರ ಹೇಳ್ಯಾರ. ಕೇಳ್ರಿ ಇಕಿನ್ನ."

ಮಾವ ಕನ್ನಡಕ ಹಾಕಿಕೊಂಡು ಚಿತ್ರವನ್ನು ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಅಲ್ಲಾಡಿಸಿ, "ಇದಲ್ಲ," ಎಂದರು. "ಇದರ ರೆಕ್ಕಿ ಮ್ಯಾಲ ಅದಾವು. ಅದರವು ಕೆಳಗಿದ್ದು. ಮತ್ತ ನಡಸಾಂವ ಕುಂಡ್ರೂ ಜಾಗಾ ಒಂಟಿ ಬೆನ್ನಿನ ಡುಬ್ಬದಂಗ ಎತ್ತರಿತ್ತು."

ಅತ್ತೆ ಕಟ್ಟಿದ್ದ ಕೈ ಬಿಚ್ಚಿದರು. ತಾವು ಏನು ಹೇಳಿದೆವೆಂಬುದು ಮಾವನಿಗೆ ತುಸು ತಡವಾಗಿ ಹೊಳೆಯಿತು. ಚಹದ ಕಪ್ಪು ಎತ್ತಿದವರು ಕುಡಿಯದೆ ಕೆಳಗಿಟ್ಟರು.

"ನೀವು ನೋಡಿದ್ರ?" ಎಂದರು ಅತ್ತೆ.

"ನಮ್ಮೂರ ಬೆಳವಣಕಿಗೂ ಬಂದಿತ್ತ," ಎಂದರು ಮಾವ, ನೆಲ ನೋಡುತ್ತ. "ನಮ್ಮ ಹೊಲದಾಗ ನಿಶಾನಿ ನನ್ನ ಕೈಯಾಗ ಕೊಟ್ಟಿದ್ರು. ಅದು ಸೀದಾ ನನ್ನ ನೆತ್ತಿ ಮ್ಯಾಲ ಬಂತ. ನಿಶಾನಿ ಒಗದು ಹಳ್ಳದತನಾ ಓಡಿದೆ. ವಿಮಾನದಾಂವಗ ಸಾಲು ತಪ್ಪಿ ಬ್ಯಾರೆ ಮಂದಿ ಮೆಣಸಿನಗಿಡದ ಮ್ಯಾಲೆಲ್ಲಾ ಔಷಧ ಬಿತ್ತು. ಊರ ಮಂದಿ ಭಾಳ ನಕ್ರು. ನೀ ಬಂದು, ನಮ್ಮ ಕಾಕಾ ಅಲಗಾಡದ ನಿಂತಿದ್ದ ಅಂದಿ. ನನಗ ಏನ ಹೇಳಬೇಕ ತಿಳೀಲಿಲ್ಲ. ಸುಳ್ಳ ಅಂದೆ. ಒಮ್ಮಿ ಅಂದಮ್ಯಾಲ..."

ಅತ್ತೆ ಒಳಗೆ ಹೋದರು. ಆ ದಿನವಿಡೀ ಮಾವನ ಜೊತೆ ಮಾತಿಲ್ಲ. ಊಟಕ್ಕೆ ಬಡಿಸಿದರು, ಎದುರಿಗೆ ಕೂರಲಿಲ್ಲ. ಇಷ್ಟು ವರ್ಷ ಜನರ ಮುಂದೆ ನಗೆಪಾಟಲಾದದ್ದು ಸಣ್ಣದೇನಲ್ಲ. ನಾನು ನಡುವೆ ಬಾಯಿ ಹಾಕಲಿಲ್ಲ. ಮರುದಿನ ಮುಂಜಾನೆ ಅತ್ತೆ ರೊಟ್ಟಿ ಬಡಿಯುತ್ತಲೇ ಗಟ್ಟಿಯಾಗಿ, "ಐತವಾರ ಬೆಳವಣಕಿಗೆ ಹೋಗೂದೈತಿ. ನಿಮ್ಮ ಮಾವಗೂ ಹೇಳು," ಎಂದರು. ಮಾವ ಅಲ್ಲೇ ಹೊಸ್ತಿಲಲ್ಲಿ ಕುಳಿತಿದ್ದರು.

ಭಾನುವಾರ ಮೂವರೂ ಹೋದೆವು. ಕಡಲೆ ಕಿತ್ತಾಗಿತ್ತು. ಕಪ್ಪು ನೆಲ ಬಿರುಕು ಬಿಟ್ಟು ದೂರದವರೆಗೂ ಬಯಲಾಗಿ ಬಿದ್ದಿತ್ತು. ಅತ್ತೆ ಬದುವಿನ ಮೇಲೆ ನಿಂತು, "ಎಲ್ಲಿ ನಿಂತಿದ್ರಿ?" ಎಂದು ಕೇಳಿದರು. ಮಾವ ಜಾಗ ತೋರಿಸಿದರು. "ಹಳ್ಳ ಎಲ್ಲಿ?" ದೂರದಲ್ಲಿ ಜಾಲಿಯ ಸಾಲೊಂದು ಕಾಣುತ್ತಿತ್ತು, ಅದನ್ನು ತೋರಿಸಿದರು.

"ಅಷ್ಟ ದೂರ ಓಡಿದ್ರ?"

"ತಿರಗಿ ಸೈತ ನೋಡಲಿಲ್ಲ."

ಅತ್ತೆ ಆ ದೂರವನ್ನು ಕಣ್ಣಲ್ಲೇ ಅಳೆದರು. ತಡೆಯಲಾರದೆ ಅವರಿಗೆ ನಗೆ ಬಂತು. ಮೊದಲು ಸೆರಗು ಬಾಯಿಗಿಟ್ಟರು, ಆಮೇಲೆ ಅದನ್ನೂ ಬಿಟ್ಟು ನಕ್ಕರು. ಮಾವ ಸ್ವಲ್ಪ ಹೊತ್ತು ಬಿಗಿಯಾಗಿಯೇ ನಿಂತಿದ್ದು, ತಾವೂ ನಕ್ಕರು.

"ಹೆದರಿದ್ರ ಹೆದರಿದೆ ಅನ್ನಬೇಕಿತ್ತ," ಎಂದರು ಅತ್ತೆ, ಕಣ್ಣು ಒರೆಸಿಕೊಳ್ಳುತ್ತ. "ನಾನೂ ಹೆದರಿದ್ದೆ. ಹತ್ತಿ ಸಾಲಿನಾಗ ಬೋರಲ ಬಿದ್ದಿದ್ದೆ. ತಲಿ ಎತ್ತಿದಾಗ ಅಂವ ಕೈ ಮಾಡಿದ್ದಷ್ಟ ಕಂಡಿತ್ತು. ಅದಕ್ಕ ರೆಕ್ಕಿ ಎಲ್ಲಿದ್ದು ನನಗ ನೆನಪಿಲ್ಲ."

ಅವರು ಬದುವಿನ ಮೇಲೆ ಕುಳಿತು, ಪಕ್ಕದಲ್ಲಿ ಮಾವನಿಗೆ ಜಾಗ ಬಿಟ್ಟರು. "ಕುಂಡ್ರಿ. ಯಾವ ಕಡಿಂದ ಬಂತು, ಮೊದಲಿಂದ ಹೇಳ್ರಿ."

ಮಾವ ಕುಳಿತು ಪಡುವಣದ ಕಡೆ ಕೈ ಚಾಚಿದರು.