ಕೊಡ, ಕಂದೀಲು, ಬೆಕ್ಕು

ನಿಜಾಮರ ಆಳ್ವಿಕೆ ಮುಗಿದ ಹೊಸತರಲ್ಲಿ, ಮಸ್ಕಿಯ ನಮ್ಮ ಪಕ್ಕದ ಮನೆಯ ಪಿಂಜಾರ ಮಾಮಾ ಹಗಲೆಲ್ಲ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದರು. ಕತ್ತಲಾದರೆ ನನ್ನ ತಂಗಿಯನ್ನು ಮಲಗಿಸುವುದೂ ಅವರದೇ ಕೆಲಸ. ಅವಳಿಗಿದ್ದುದನ್ನು ಈಗ ಆಟಿಸಂ ಎನ್ನುತ್ತಾರೆ. ಆಗ ಅದಕ್ಕೆ ಹೆಸರಿರಲಿಲ್ಲ. ಹಾಸಿಗೆ ಕಂಡರೆ ಅಂಜುತ್ತಿದ್ದಳು. ಮಾಮಾ ಹೊಸ್ತಿಲಲ್ಲಿ ಕೂತು, ಗಡ್ಡಕ್ಕೆ ಹತ್ತಿದ ಅರಳೆ ಕೀಳುತ್ತ, ದಿನವೂ ಅದನ್ನೇ ಹೇಳುವರು: "ಕೊಡ ಮಲಗೈತಿ. ಕಂದೀಲು ಮಲಗೈತಿ. ಬೆಕ್ಕು ಮಲಗೈತಿ. ಇನ್ನ ನೀ ಮಲಗವ್ವಾ."

ಒಂದು ದಿನ ಬೆಕ್ಕು ಬರಲೇ ಇಲ್ಲ. ತಂಗಿ ಎದ್ದು ಕೂತು, ಅದು ಮಲಗುವ ಮಂಚದ ಕೆಳಗೆ ಬಗ್ಗಿ ಬಗ್ಗಿ ನೋಡತೊಡಗಿದಳು. ಮಾಮಾ ಟೋಪಿ ತೆಗೆದಿಟ್ಟು, ಮಂಚದ ಕೆಳಗೆ ತೂರಿ, "ಮ್ಯಾಂವ್" ಎಂದರು.

ತಾಸಾದ ಮೇಲೆ ಅವರ ಹೆಂಡತಿ ಬಾಗಿಲಿಗೆ ಬಂದು, "ನಮ್ಮವರು ಎಲ್ಲಿ ಅದಾರ್ರೀ?" ಎಂದರು. ಮಂಚದ ಕೆಳಗಿನಿಂದ ಗೊರಕೆ ಕೇಳುತ್ತಿತ್ತು. ಅವ್ವ ಬಾಯಿ ತೆರೆಯುವ ಮೊದಲೇ, ಹೊರಗಿನವರೊಡನೆ ಎಂದೂ ಮಾತಾಡದ ತಂಗಿ ಕೌದಿಯಿಂದ ಮುಖ ಹೊರಹಾಕಿ ಮೆಲ್ಲಗೆ ಹೇಳಿದಳು:

"ಬೆಕ್ಕು ಮಲಗೈತಿ."