ಝಂಡಾ ಹಿಡಿದು ನಿಂತ ಅಪ್ಪ

ಇವತ್ತು ಗಂಗಾವತಿ ಪಕ್ಕದ ನಮ್ಮೂರ ಗದ್ದೆಗೆ ಡ್ರೋನಿನಿಂದ ಔಷಧಿ ಹೊಡೆಸಿದೆವು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಕಾಲುವೆ ಏರಿಯ ಮೇಲೆ ಕುಳಿತ ಪುಟ್ಟ ಹುಡುಗಿಯಾದೆ.

ಆಗೆಲ್ಲ ಔಷಧಿ ಹೊಡೆಯಲು ವಿಮಾನ ಬರುತ್ತಿತ್ತು. ಆಗಲೇ ಮುದಿಯಾಗಿದ್ದ, ಒಂದರ ಮೇಲೊಂದು ಎರಡು ರೆಕ್ಕೆಯ ಹಳದಿ ವಿಮಾನ. ಎಲ್ಲಿ ಹಾರಬೇಕೆಂದು ಪೈಲಟ್‌ಗೆ ತೋರಿಸಲು ಅಪ್ಪ ಬಿದಿರಿಗೆ ಬಿಳಿ ಝಂಡಾ ಕಟ್ಟಿ ಗದ್ದೆಯ ತುದಿಯಲ್ಲಿ ನಿಲ್ಲುತ್ತಿದ್ದ. ವಿಮಾನ ದಾಟುವವರೆಗೆ ಅಲುಗಾಡಬಾರದೆಂದು ಕೃಷಿ ಇಲಾಖೆಯ ಸಾಹೇಬರ ಹುಕುಂ. ಔಷಧಿಯಲ್ಲಿ ನೆನೆದ ಅವನ ಅಂಗಿಯನ್ನು ಅವ್ವ ಕೋಲಿನಿಂದ ಎತ್ತಿ ಹೊರಗೆ ಹಾಕುತ್ತಿದ್ದಳು.

ಒಂದು ಬೆಳಿಗ್ಗೆ ಎಂಜಿನ್ ಆಕಾಶದಲ್ಲೇ ಕೆಟ್ಟು ನಿಂತಿತು. ವಿಮಾನ ಸದ್ದಿಲ್ಲದೆ ಅಪ್ಪನ ಕಡೆಗೇ ಇಳಿಯತೊಡಗಿತು. ಅಪ್ಪ ಝಂಡಾ ಎತ್ತಿ ಹಿಡಿದು ಹಾಗೇ ನಿಂತಿದ್ದ. ಕೊನೆಗೆ ಪೈಲಟ್ಟೇ ಅದನ್ನು ಪಕ್ಕಕ್ಕೆ ಹೊರಳಿಸಿದ. ವಿಮಾನ ಏರಿಗೆ ಅಪ್ಪಳಿಸಿತು. ಬೆನ್ನು ಮುರಿದಿದ್ದ ಪೈಲಟ್‌ನನ್ನು ಹೊರಸಿನ ಮೇಲೆ ಹೊತ್ತೊಯ್ದರು. ದಾರಿಯಲ್ಲೇ ತೀರಿಹೋದನಂತೆ.

"ನಾ ಸರದಿದ್ರ ಅಂವ ಕೆಸರಾಗ ನೆಟ್ಟಗ ಇಳೀತಿದ್ದ," ಎಂದ ಅಪ್ಪ, ಆ ರಾತ್ರಿ ಊಟಕ್ಕೆ ಕುಳಿತಾಗ.

"ನಿಂದ್ರು ಅಂದವ್ರು ಸಾಹೇಬ್ರ ಅಲ್ಲೇನ್ರಿ?" ಎಂದಳು ಅವ್ವ.

ಅಪ್ಪ ಅನ್ನದ ತಟ್ಟೆ ಸರಿಸಿ ಎದ್ದುಹೋದ.

ಇವತ್ತು ಬ್ಯಾಟರಿ ಬದಲಿಸಲು ಡ್ರೋನ್ ನಮ್ಮ ಕಡೆಗೆ ಇಳಿಯಿತು. ಏರಿಯ ಮೇಲೆ ಕುಳಿತಿದ್ದ ಅಪ್ಪ, ಎಂಬತ್ತು ದಾಟಿದವನು, ಊರುಗೋಲು ಬಿಸಾಡಿ, ಅಂವ ಇಳೀಲಿ ಎಂದು ಕೂಗುತ್ತ ಬಿದ್ದು ಎದ್ದು ಪಕ್ಕಕ್ಕೆ ಓಡತೊಡಗಿದ.

"ಅಜ್ಜಾರ, ನಿಂದರ್ರಿ, ಅದರಾಗ ಯಾರೂ ಇಲ್ರಿ," ಎಂದ ಡ್ರೋನ್ ನಡೆಸುವವನು.

ಅಪ್ಪ ನಿಲ್ಲಲಿಲ್ಲ.