ಸ್ಟಿಯರಿಂಗ್ ಸರಿಪಡಿಸಲು ಒಂದು ಸಮನೆಲ

ರಿಮೋಟ್ ಕಾರಿನ ಸ್ಟಿಯರಿಂಗ್ ಸರಿಪಡಿಸುವಾಗ ಮಾತ್ರ ಅಣ್ಣ ನನ್ನೊಡನೆ ಮನಬಿಚ್ಚಿ ಮಾತನಾಡುತ್ತಿದ್ದ. ಮನೆಯೊಳಗೆ ನಮ್ಮದು ಊಟಕ್ಕೆ ಕರೆಯುವಷ್ಟೇ ಮಾತು. ಭಾನುವಾರ ಬೆಳಿಗ್ಗೆ ಕೆಂಪಾಪುರದ ನಮ್ಮ ಬಡಾವಣೆಯ ಮೈದಾನದಲ್ಲಿ ಕಾರು ಎಡಕ್ಕೆ ಎಳೆಯಿತೆಂದರೆ ಅವನು ಬೇರೆಯೇ ಮನುಷ್ಯ.

ರಿಮೋಟಿನ ಮೇಲೆ ಟ್ರಿಮ್ ಎಂಬ ಪುಟ್ಟ ಗುಂಡಿಯಿದೆ. ಅದನ್ನು ಬಲಕ್ಕೆ ತಿರುಗಿಸಿ ಕಾರನ್ನು ನೇರಕ್ಕೆ ತರಲು ನಾನು ಹವಣಿಸುತ್ತಿದ್ದೆ. ಅವನು ಬಿಡುತ್ತಿರಲಿಲ್ಲ.

“ಮುಟ್ಬೇಡ ಕಣೇ. ಅದು ಮಧ್ಯದಲ್ಲೇ ಇರ್ಲಿ. ತಪ್ಪಿರೋದು ಚಕ್ರದ ರಾಡಲ್ಲಿ. ಟ್ರಿಮ್ ತಿರುಗಿಸಿ ಮುಚ್ಚಿಟ್ರೆ ಸರಿಹೋಗತ್ತಾ?”

“ಓಡಿದ್ರೆ ಸಾಕಲ್ವಾ ಅಣ್ಣಾ?”

“ಸಾಕಲ್ವಾ ಅನ್ನೋರೇ ಈ ಊರಿನ ರಸ್ತೆ ಮಾಡಿರೋದು.”

ಬಳಿಕ ಮಣ್ಣಿನ ಮೇಲೆ ಬೋರಲು ಮಲಗಿ, ಒಂದು ಕಣ್ಣು ಮುಚ್ಚಿ ಮುಂದಿನ ಚಕ್ರಗಳನ್ನು ದಿಟ್ಟಿಸುತ್ತ, ಅವನ್ನು ಹೊರಳಿಸುವ ರಾಡಿನ ತಿರುಪನ್ನು ತಿರುಗಿಸಿ ಅದನ್ನು ಕೂದಲೆಳೆಯಷ್ಟು ಉದ್ದ ಮಾಡುತ್ತಿದ್ದ. ಎಲ್ಲವೂ ಅವನ ಬಾಯಿಂದ ಹೊರಬರುತ್ತಿದ್ದುದು ಆಗಲೇ: ಬಿಟ್ಟ ಕೆಲಸ, ಮೆಚ್ಚಿದ ಹುಡುಗಿ, ಅಪ್ಪನೆಂದರೆ ಇನ್ನೂ ಹೋಗದ ಭಯ.

ಅಣ್ಣ ಈಗ ಯಲಹಂಕದಾಚೆ ಸಂಸಾರ ಹೂಡಿದ್ದಾನೆ. ಮೊದಮೊದಲು ಭಾನುವಾರ ತಪ್ಪದೆ ಬರುತ್ತಿದ್ದ. ಮೈದಾನಕ್ಕೆ ತಗಡಿನ ಬೇಲಿ ಬಿದ್ದು, ಒಳಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಕೃತಕ ಹುಲ್ಲಿನ ಆಟದಂಕಣ ಬಂದ ಮೇಲೆ ಬರುವುದು ನಿಂತಿತು. ಬಡಾವಣೆಯ ನಕ್ಷೆಯಲ್ಲಿ ಅದು ಇಂದಿಗೂ ಸಾರ್ವಜನಿಕ ಮೈದಾನ. ಎಲ್ಲರ ನೆಲವನ್ನು ಬಾಡಿಗೆಗಿಟ್ಟವರು ಯಾರು? ಅದಕ್ಕೆ ಒಪ್ಪಿಗೆ ಕೊಟ್ಟವರು ಯಾರು? ಉತ್ತರಿಸಬೇಕಾದವರು ನಮ್ಮ ತೆರಿಗೆಯಿಂದಲೇ ಸಂಬಳ ಪಡೆಯುತ್ತಾರೆ. ಉತ್ತರವನ್ನು ಮಾತ್ರ ಕೊಡುವುದಿಲ್ಲ. ನನ್ನ ಭಾನುವಾರಗಳು ಅವರ ಯಾವ ಕಡತದಲ್ಲೂ ನಷ್ಟವೆಂದು ದಾಖಲಾಗಿಲ್ಲ.

ಕಳೆದ ತಿಂಗಳು ಕಾರನ್ನು ಟೆರೇಸಿನಲ್ಲಿ ಓಡಿಸಿದೆ. ಎಷ್ಟು ಸಲ ಬಿಟ್ಟರೂ ಮಳೆನೀರಿನ ಕೊಳವೆಯತ್ತಲೇ ಸರಿಯುತ್ತಿತ್ತು. ವಿಡಿಯೊ ಕಳಿಸಿದೆ. ಅಣ್ಣ ಕೂಡಲೇ ಕರೆ ಮಾಡಿದ.

“ಟೆರೇಸ್ ಇಳಿಜಾರು ಕಣೇ, ನೀರು ಹೋಗ್ಲಿ ಅಂತ ಹಂಗೆ ಕಟ್ಟಿರ್ತಾರೆ. ಅಲ್ಲಿ ಕಾರಿಂದು ತಪ್ಪೋ ನೆಲದ್ದು ತಪ್ಪೋ ಗೊತ್ತಾಗಲ್ಲ. ಸಮನಾಗಿರೋ ಜಾಗ ಸಿಕ್ರೆ ಹೇಳು, ಬರ್ತೀನಿ.”

ಬರ್ತೀನಿ ಎಂದಿದ್ದ. ಮರುದಿನವೇ ವಾರ್ಡ್ ಕಚೇರಿಗೆ ಹೋಗಿ, ಮೈದಾನವನ್ನು ಬಿಡಿಸಿಕೊಡಿ ಎಂದು ಕೇಳಿದೆ.

“ಯಾರಿಗಮ್ಮಾ, ಆಟ ಆಡೋಕೆ?” ಅಧಿಕಾರಿ ತಲೆಯೆತ್ತಲಿಲ್ಲ.

“ನಮ್ಮಣ್ಣಂಗೆ.”

“ಹುಡುಗಂಗೆ ಎಷ್ಟು ವಯಸ್ಸು?”

“ಮೂವತ್ತನಾಲ್ಕು,” ಎಂದೆ.

ಅವರು ನಕ್ಕರು. ನಾನು ಕುರ್ಚಿ ಎಳೆದುಕೊಂಡು ಕುಳಿತೆ.